ಒಂದು ಕಿಲೋ ಸೂರ್ಯ

ಕತ್ತರಿ ಶುರುವಾದ ನಾಲ್ಕನೆಯ ದಿನ ಡಾಕ್ಟರು ನಮ್ಮಕ್ಕನ ಬಿ.ಪಿ. ಮಾತ್ರೆ ಬದಲಾಯಿಸಿದರು. ಕತ್ತರಿ ಎಂದರೆ ಮೇ ತಿಂಗಳಲ್ಲಿ ಚೆನ್ನೈ ಮೇಲೆ ಬಂದು ಕೂರುವ ಮೂರೂವರೆ ವಾರದ ಬಿಸಿಲು. ಪಂಚಾಂಗದಲ್ಲಿ ಅದರ ಹೆಸರು ಅಗ್ನಿ ನಕ್ಷತ್ರ. ಹೊಸ ಮಾತ್ರೆ ಮೈಯಲ್ಲಿರುವ ನೀರನ್ನು ಹೊರಗೆ ಹಾಕುವಂಥದ್ದು. "ಇದನ್ನ ನುಂಗಿ ಬಿಸಿಲಿಗೆ ಮಾತ್ರ ಹೋಗಬೇಡಿಮ್ಮಾ, ನಿಮ್ಮ ಮೈ ತಡೆಯಲ್ಲ" ಎಂದು ಡಾಕ್ಟರು ತಮಿಳಿನಲ್ಲಿ ಎರಡು ಸಲ ಹೇಳಿದರು. ಅಕ್ಕ ಎರಡು ಸಲವೂ ತಲೆಯಾಡಿಸಿದಳು. ಅವಳು ತಲೆಯಾಡಿಸಿದ ಚಂದ ನೋಡಿಯೇ ನನಗೆ ಗೊತ್ತಾಯಿತು, ನಾಳೆ ಬೆಳಿಗ್ಗೆ ಇವಳು ತಾರಸಿ ಹತ್ತುತ್ತಾಳೆ ಎಂದು.

ನನಗೆ ಇಂಥವೆಲ್ಲ ಬೇಗ ಗೊತ್ತಾಗುತ್ತವೆ. ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೂತವನು ನಾನು. ಜನ ಹೇಗೆಲ್ಲ ಸಾಯುತ್ತಾರೆ ಎನ್ನುವುದನ್ನು ಮೂರು ಪ್ರತಿಗಳಲ್ಲಿ ಓದುವುದೇ ನನ್ನ ಉದ್ಯೋಗ. ಅದರಿಂದಾಗಿ ಮನೆಯಲ್ಲಿ ಫ್ಯಾನು ಸ್ವಲ್ಪ ಅಲುಗಾಡಿದರೆ ಅದರ ಕೆಳಗೆ ಯಾರು ಮಲಗಿದ್ದಾರೆ ಎಂದು ಮೊದಲು ನೋಡುತ್ತೇನೆ. ಗ್ಯಾಸಿನ ನಾಬು ತಿರುಗಿಸಿದ ಮೇಲೆ ವಾಪಸು ಬಂದು ಇನ್ನೊಮ್ಮೆ ಮುಟ್ಟುತ್ತೇನೆ. ಹೆಂಡತಿ ಇದಕ್ಕೆ 'ನಮ್ಮನೆಯವರ ಸಂಧ್ಯಾವಂದನೆ' ಎಂದು ಹೆಸರಿಟ್ಟಿದ್ದಾಳೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಪ್ಪ ರೈಲ್ವೆಯಲ್ಲಿರುವಾಗಲೇ ತೀರಿಕೊಂಡಾಗ ಅವರ ಜಾಗದಲ್ಲಿ ಕೆಲಸ ಅವಳಿಗೆ ಸಿಕ್ಕಿತು. ನನ್ನ ಓದು, ನನ್ನ ಮದುವೆ ಎಲ್ಲ ಅವಳ ಕೈಯಲ್ಲಿ ಆಯಿತು. ಅವಳ ಮದುವೆ ಮಾಡುವ ಕೈ ಯಾರದೂ ಇರಲಿಲ್ಲ. ನಿವೃತ್ತಿಯಾದ ಮೇಲೂ ನಾವೆಲ್ಲ ಒಟ್ಟಿಗೇ ಚೆನ್ನೈನ ರಾಯಪುರಂನ ಅದೇ ಹಳೆಯ ಮನೆಯಲ್ಲಿದ್ದೇವೆ. ಮಹಡಿಯಲ್ಲಿ ನಮ್ಮ ಸಂಸಾರ, ಅದರ ಮೇಲೆ ತಾರಸಿ. ತಾರಸಿಗೆ ಅಕ್ಕನೇ ಒಡತಿ.

ಕತ್ತರಿ ಬಂದರೆ ಅವಳು ಅಲ್ಲಿ ಅರಳು ಸಂಡಿಗೆ ಇಡಲೇಬೇಕು. ಇದು ಕಡಲ ಗಾಳಿಯ ಜಾಗ. ಬೇರೆ ತಿಂಗಳಲ್ಲಿ ಇಟ್ಟರೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಊರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಅಡಗುವ ಆ ಮೂರೂವರೆ ವಾರವೇ ಅವಳಿಗೆ ಹಬ್ಬ. ಬೂದುಗುಂಬಳ ತುರಿದು, ಅರಳು ಕಲಸಿ, ಹಳೇ ಪಂಚೆಯ ಮೇಲೆ ಉಂಡೆ ಉಂಡೆಯಾಗಿ ಇಟ್ಟು, ಕಾಗೆ ಕಾಯುತ್ತ ಕೂರುತ್ತಾಳೆ. ಊರಿನ ಇನ್ನೊಂದು ತುದಿಯ ಬೆಸೆಂಟ್ ನಗರದವರೆಗೂ ಕನ್ನಡದವರ ಮನೆಗಳಿಗೆ ಅವಳ ಸಂಡಿಗೆ ಹೋಗುತ್ತದೆ.

ಇದರಲ್ಲಿ ನನ್ನದೂ ಒಂದು ಪಾಲಿದೆ, ಅದನ್ನು ಮುಚ್ಚಿಡಬಾರದು. ಹಿಂದಿನ ಬೇಸಿಗೆಯಲ್ಲಿ ಮಹಡಿಯ ಕೋಣೆಗಳು ಒಲೆಯಂತೆ ಕಾದಾಗ ನಾನು ಹಗಲೂ ರಾತ್ರಿ ಚಿಂತಿಸಿ, ಮೊಬೈಲಿನಲ್ಲಿ ಹತ್ತಾರು ವಿಡಿಯೋ ನೋಡಿ, ತಾರಸಿಗೆ ಬಿಸಿಲನ್ನು ವಾಪಸು ಎಸೆಯುವ ಬಿಳಿ ಬಣ್ಣ ಹೊಡೆಸಿದ್ದೆ. ಕೋಣೆಗಳು ತಣ್ಣಗಾದವು. ವಾಪಸು ಎಸೆದ ಬಿಸಿಲು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ನಾನು ಚಿಂತಿಸಿರಲಿಲ್ಲ. ಅಕ್ಕನಿಗೆ ಆ ಬಿಳುಪು ಬಹಳ ಹಿಡಿಸಿತು. "ಮೇಲಿಂದ್ಲೂ ಒಣಗತ್ತೆ, ಕೆಳಗಿಂದ್ಲೂ ಒಣಗತ್ತೆ. ಒಂದೇ ದಿನಕ್ಕೆ ಗರಿಗರಿ. ನೀನು ಜನ್ಮದಲ್ಲಿ ಮಾಡಿದ ಒಂದು ಒಳ್ಳೇ ಕೆಲಸ ಕಣೋ ಇದು."

"ಡಾಕ್ಟ್ರು ಏನಂದ್ರು?" ಎಂದು ಅವತ್ತು ಮನೆಗೆ ಬಂದೊಡನೆ ಕೇಳಿದೆ.

"ಬಿಸಿಲಿಗೆ ಹೋಗ್ಬೇಡಿ ಅಂದ್ರು. ನಾನು ಕೊಡೆ ಕೆಳಗೆ ಕೂತ್ಕೋತೀನಿ. ಅದು ನೆರಳು. ಸೆರಿಯಾ? ಹೋಗು, ನಿನ್ನ ಪೇಪರ್ ಓದ್ಕೋ."

ದೊಡ್ಡದೊಂದು ಕರಿ ಕೊಡೆಯನ್ನು ಕುರ್ಚಿಗೆ ಕಟ್ಟಿ ಕೊಟ್ಟವನೂ ನಾನೇ. ಕಟ್ಟಿದ ಮೇಲೆ ನನ್ನ ಚಿಂತೆ ಅರ್ಧಕ್ಕರ್ಧ ಇಳಿಯಿತು. ಕೊಡೆ ಮೇಲಿಂದ ಬರುವುದನ್ನಷ್ಟೇ ತಡೆಯುತ್ತದೆ ಎನ್ನುವುದು ಮಗುವಿಗೂ ಗೊತ್ತಿರುವ ಸಂಗತಿ.

ಮಗು ಎಂದರೆ ನೆನಪಾಯಿತು. ನನ್ನ ಮಗಳು ಆಗ ಎಂಟನೆಯ ತರಗತಿ ಮುಗಿಸಿದ್ದಳು. ರಜೆಯಲ್ಲಿ ಮಾಡಲು ಶಾಲೆಯವರು ಕೊಟ್ಟಿದ್ದ ವಿಷಯ: ಸೂರ್ಯನಿಗೆ ಶಾಖ ಎಲ್ಲಿಂದ ಬರುತ್ತದೆ. ಅವಳು ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರಿಸುವ ಹುಡುಗಿ. ಕೋಪ ಬಂದರೆ ಇಂಗ್ಲಿಷ್. ಡಾಕ್ಟರಲ್ಲಿಗೆ ಹೋಗಿ ಬಂದ ಆ ಶುಕ್ರವಾರ ಸಂಜೆ ಕಾಫಿ ಕುಡಿಯುತ್ತ ನಾನು ನನಗೆ ಗೊತ್ತಿದ್ದದ್ದನ್ನು ಹೇಳಿದೆ. "ಬರ್ಕೋ. ಸೂರ್ಯ ಒಂದು ದೊಡ್ಡ ಬೆಂಕಿ ಉಂಡೆ. ಉರೀತಾ ಇರತ್ತೆ."

"ಸನ್ ಎರಿಯವೇ ಇಲ್ಲಪ್ಪಾ!" ಎಂದಳು. ಸೂರ್ಯ ಉರಿಯುವುದೇ ಇಲ್ಲವಂತೆ. ಉರಿಯುವುದಕ್ಕೆ ಗಾಳಿ ಬೇಕು, ಅಲ್ಲಿ ಎಲ್ಲಿದೆ? ಇದ್ದಿಲಿನಂತೆ ಉರಿಯುವುದಾಗಿದ್ದರೆ ಎಂದೋ ಬೂದಿಯಾಗಬೇಕಿತ್ತು. ಒಳಗೆ, ನಟ್ಟನಡುವೆ, ಒಂದೂವರೆ ಕೋಟಿ ಡಿಗ್ರಿಯಲ್ಲಿ ಹೈಡ್ರೋಜನ್ ಕಣಗಳು ಒಂದಕ್ಕೊಂದು ಅಮುಕಿಕೊಂಡು ಹೀಲಿಯಂ ಆಗುತ್ತವೆ. ಆಗ ತೂಕದಲ್ಲಿ ಚೂರು ಕಡಿಮೆ ಬೀಳುತ್ತದೆ. ಆ ಕಡಿಮೆ ಬಿದ್ದ ಚೂರೇ ಶಾಖ. ಹೀಗೆ ಪ್ರತಿ ಸೆಕೆಂಡಿಗೆ ಸುಮಾರು ನಲವತ್ತು ಲಕ್ಷ ಟನ್ ಸೂರ್ಯ ಕರಗಿ ಹೋಗುತ್ತಿದ್ದಾನೆ.

ನನ್ನ ಕೈಯಲ್ಲಿದ್ದ ಲೋಟ ನಿಂತಿತು. "ಪ್ರತಿ ಸೆಕೆಂಡಿಗಾ? ಹಂಗಾದ್ರೆ ಮುಗಿದು ಹೋಗಲ್ವಾ?"

ಇನ್ನು ಐನೂರು ಕೋಟಿ ವರ್ಷಕ್ಕೆ ತೊಂದರೆಯಿಲ್ಲ, ಆಮೇಲೆ ಊದಿಕೊಂಡು ಭೂಮಿಯನ್ನು ಸುಟ್ಟರೂ ಸುಟ್ಟೀತು ಎಂದು ಮಗಳು ಸಮಾಧಾನ ಹೇಳಿದಳು. ಅಡುಗೆಮನೆಯಲ್ಲಿ ಕುಂಬಳ ತುರಿಯುತ್ತಿದ್ದ ಅಕ್ಕ ಕೂಗಿದಳು: "ಅಷ್ಟ್ರೊಳಗೆ ಸಂಡಿಗೆ ಒಣಗಿರತ್ತೆ, ಬಿಡೋ!"

ಮಗಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಸಂಗತಿ ಬೇರೆ ಇತ್ತು. "ಒರು ಕಿಲೋ ಸನ್ನೈ ವಿಡ, ಒರು ಕಿಲೋ ನೀದಾನ್ ಪಾ ಜಾಸ್ತಿ ಹೀಟ್!" ಒಂದು ಕಿಲೋ ಸೂರ್ಯ, ಒಂದು ಕಿಲೋ ಅಪ್ಪ ಎಂದು ತೂಗಿ ನೋಡಿದರೆ ಶಾಖ ಹೆಚ್ಚು ಹುಟ್ಟುವುದು ಅಪ್ಪನಲ್ಲಿ, ಅದೂ ಸಾವಿರಾರು ಪಟ್ಟು. ಸೂರ್ಯ ಬಹಳ ನಿಧಾನಿ. ಮೈ ಅಷ್ಟು ದೊಡ್ಡದಾದ್ದರಿಂದ ಎಲ್ಲ ಸೇರಿ ಆ ಪಾಟಿ ಆಗುತ್ತದೆ.

"ಅದಕ್ಕೇ ಇವನು ಯಾವಾಗ್ಲೂ ಕೊತಕೊತ ಅಂತಿರ್ತಾನೆ" ಎಂದಳು ಅಕ್ಕ.

ನಾವು ಮೂವರೂ ನಕ್ಕೆವು. ಆದರೆ ಮಗಳು ಮುಂದೆ ಹೇಳಿದ್ದು ನನಗೆ ನಗು ತರಿಸಲಿಲ್ಲ. ನಡುವೆ ಹುಟ್ಟಿದ ಆ ಬೆಳಕು ಒಮ್ಮೆಲೇ ಹೊರಗೆ ಬರಲಾರದು. ಒಳಗೇ ಬಡಿದಾಡುತ್ತ, ಒಂದೊಂದು ಕಣವೂ ಅದನ್ನು ನುಂಗಿ ಇನ್ನೊಂದು ಕಡೆಗೆ ಉಗಿಯುತ್ತ, ದಾರಿ ಸಿಗದೆ ಸಾವಿರಾರು ವರ್ಷ ಅಲೆಯುತ್ತದೆ. ಹೊರಗೆ ಬಿದ್ದ ಮೇಲೆ ನಮ್ಮನ್ನು ಮುಟ್ಟಲು ಎಂಟು ನಿಮಿಷ ಸಾಕು. ದಾರಿಯಲ್ಲಿ ಅದು ಯಾವುದನ್ನೂ ಬಿಸಿ ಮಾಡುವುದಿಲ್ಲ, ಮಾಡಲು ಅಲ್ಲಿ ಏನೂ ಇಲ್ಲ. ಬಂದು ಯಾವುದಕ್ಕಾದರೂ ಬಡಿದಾಗಲೇ ಅದು ಶಾಖವಾಗುತ್ತದೆ. ಬಡಿಸಿಕೊಳ್ಳಲು ಒಂದು ಮೈ ಬೇಕು.

ಮಾರನೆಯ ದಿನ ಶನಿವಾರ, ನನಗೆ ರಜೆ. ಹೆಂಡತಿ ತನ್ನ ತಂಗಿಯ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದಳು. ಬೆಳಿಗ್ಗೆ ಹಾಲು ತರಲು ಇಳಿದಾಗ ಎದುರು ಮನೆಯವರು ಕಾಸಿಮೇಡಿನಿಂದ ಆಟೋದಲ್ಲಿ ಬಂದಿಳಿಯುತ್ತಿದ್ದರು. ಬಂದರಿನ ಹರಾಜಿನಲ್ಲಿ ಮೀನು ಕೊಂಡು, ಐಸು ತುಂಬಿದ ಥರ್ಮೋಕೋಲ್ ಡಬ್ಬಿಯಲ್ಲಿ ತಂದು ಬೀದಿ ತಿರುವಿನಲ್ಲಿ ಮಾರುವ ಹೆಂಗಸು. ನಾವು ಮನೆಯೊಳಗೆ ಅವರನ್ನು ಮೀನಮ್ಮ ಎನ್ನುತ್ತೇವೆ. ಅವರು ಆಕಾಶ ನೋಡಿ ಹೇಳಿದರು: "ಇನ್ನೈಕ್ಕಿ ಕಡಲ್ ಕಾತ್ತು ವರಾದು ಸಾರ್. ರೈಲ್ವೇಮ್ಮಾವ ವೆಳಿಯ ವಿಡಾದೀಂಗ." ಇವತ್ತು ಕಡಲ ಗಾಳಿ ಬರುವುದಿಲ್ಲ, ರೈಲ್ವೇಮ್ಮನನ್ನು ಹೊರಗೆ ಬಿಡಬೇಡಿ. ರೈಲ್ವೇಮ್ಮ ಎಂದರೆ ಅಕ್ಕ.

ಹನ್ನೊಂದೂವರೆ, ಹನ್ನೆರಡಕ್ಕೆ ಕಡಲ ಕಡೆಯಿಂದ ಒಂದು ಗಾಳಿ ಎದ್ದರೆ ಚೆನ್ನೈ ಬದುಕಿತು ಎಂದು ಲೆಕ್ಕ. ಅಂದು ಹನ್ನೆರಡಾದರೂ ಬೀದಿಯ ಬೇವಿನ ಮರದ ಒಂದು ಎಲೆ ಅಲುಗಲಿಲ್ಲ. ಕಾಗೆಗಳು ಬಾಯಿ ತೆರೆದುಕೊಂಡು ಗೋಡೆಯ ಸಂದಿಗಳಲ್ಲಿ ಕೂತಿದ್ದವು. ಸಂಡಿಗೆಗೆ ಬರಲು ಅವಕ್ಕೇ ಧೈರ್ಯವಿರಲಿಲ್ಲ. ಅವನ್ನು ಕಾಯಲು ಅಕ್ಕ ಮೇಲೆ ಕೂತಿದ್ದಳು.

ಹನ್ನೆರಡೂವರೆಗೆ ಮಜ್ಜಿಗೆ ತೆಗೆದುಕೊಂಡು ಹತ್ತಿದೆ. ಬಾಗಿಲು ದಾಟಿದೊಡನೆ ಕಣ್ಣು ಮುಚ್ಚಿಹೋಯಿತು. ಆ ಬಿಳಿ ನೆಲದಿಂದ ಬೆಳಕು ಮುಖದ ಮೇಲೆ ಏಳುತ್ತಿತ್ತು. ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯೊಳಗೆ, ಎಂದೂ ಬಿಸಿಲು ಬೀಳದ ಜಾಗಗಳಲ್ಲಿ ಉರಿಯಿತು. ಅಕ್ಕ ಕೊಡೆಯ ಕೆಳಗೆ ಕೂತಿದ್ದಳು. ಮುಖ ಕೆಂಪಗಿತ್ತು, ಆದರೆ ಒಣಗಿತ್ತು. ನನ್ನ ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು; ಅವಳ ಹಣೆಯಲ್ಲಿ ಒಂದು ಹನಿ ಇರಲಿಲ್ಲ.

"ಪರವಾಗಿಲ್ಲ ಕಣೆ ಅಕ್ಕ, ಬೆವರೇ ಇಲ್ಲ ನಿಂಗೆ. ಕೊಡೆ ಕೆಲಸ ಮಾಡ್ತಿದೆ" ಎಂದೆ.

"ಹೂಂ" ಎಂದಳು. ಮಜ್ಜಿಗೆ ಪಕ್ಕದಲ್ಲಿಟ್ಟುಕೊಂಡಳು, ಕುಡಿಯಲಿಲ್ಲ. ಒಂದು ಗೇಲಿಯ ಮಾತೂ ಇಲ್ಲದೆ ಬರೀ ಹೂಂ. ಇಪ್ಪತ್ತೆಂಟು ವರ್ಷದ ಸಾವಿನ ಕಾಗದಗಳು ನನಗೆ ಏನೂ ಕಲಿಸಿರಲಿಲ್ಲ. ಬೆವರು ಬಂದರೆ ಆಯಾಸ, ಬರದಿದ್ದರೆ ಆರಾಮು ಎಂದುಕೊಂಡು, ಬಾಗಿಲ ಹತ್ತಿರ ಸಡಿಲವಾಗಿದ್ದ ಕರೆಂಟಿನ ವೈರೊಂದನ್ನು ಕಂಡು ಅದಕ್ಕಾಗಿ ಚಿಂತಿಸುತ್ತ ಇಳಿದು ಬಂದೆ.

ಅರ್ಧ ಗಂಟೆಯ ಮೇಲೆ ಮಗಳು ಊಟಕ್ಕೆ ಕರೆಯಲು ಹೋದಳು. ಮೇಲಿಂದ ಅವಳ ಕೂಗು ಕೇಳಿತು. "ಅಪ್ಪಾ! ಅತ್ತೆ ಎನ್ನಮೋ ಪೇಸ್ರಾಂಗ! ಸೀಕ್ಕಿರಂ ವಾ!" ಅತ್ತೆ ಏನೇನೋ ಮಾತಾಡುತ್ತಿದ್ದಾರೆ, ಬೇಗ ಬಾ ಎಂದು.

ಅಕ್ಕ ಕೊಡೆಯಿಂದ ಆಚೆ ಬಂದು, ಸಂಡಿಗೆಗಳನ್ನು ತುಳಿದುಕೊಂಡು, ಬರಿಗಾಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ, ತನ್ನ ರೈಲ್ವೆ ಕಚೇರಿಯಲ್ಲಿ ಗುರುತಿಲ್ಲದವರಿಗೆ ಹೇಳುವಂತೆ ಗತ್ತಿನಲ್ಲಿ ಹೇಳಿದಳು: "ಮೇಲಿನ ಸೆಕ್ಷನ್ನಿಗೆ ಕಳಿಸಿ ಅಂದೆನಲ್ಲ. ಯಾಕೆ ನಿಂತಿದ್ದೀರಿ?" ಹೇಳಿ ಮುಗಿಸುವಷ್ಟರಲ್ಲಿ ಮೊಣಕಾಲು ಮಡಚಿತು.

ಮಗಳೂ ನಾನೂ ಅವಳನ್ನು ಮೆಟ್ಟಿಲಿನ ತಲೆಯಲ್ಲಿದ್ದ ತುಂಡು ನೆರಳಿಗೆ ಎಳೆದುಕೊಂಡೆವು. ಮುಟ್ಟಿದ ಕಡೆಯೆಲ್ಲ ದೋಸೆ ಹೆಂಚು. ಮಗಳು ಅಳುತ್ತ ಫೋನಿನಲ್ಲಿ ಆಂಬುಲೆನ್ಸಿಗೆ ವಿಳಾಸ ಹೇಳುತ್ತಿದ್ದಳು. ನಾನು ನೀರು, ನೀರು ಎಂದುಕೊಂಡು ತಾರಸಿಯ ನಲ್ಲಿ ತಿರುಗಿಸಿ, ಮಗ್ಗು ತುಂಬಿಸಿ, ಅಕ್ಕನ ಕಾಲ ಮೇಲೆ ಸುರಿದೆ. ಅವಳು ಅರಚಿದಳು. ಕರಿ ಟ್ಯಾಂಕಿನ ನೀರು, ಬೆಳಗಿನಿಂದ ಬಿಸಿಲಲ್ಲಿ ಮಲಗಿದ್ದ ಪೈಪಿನಿಂದ ಬಂದದ್ದು. ಮಗ್ಗು ಹಿಡಿದ ನನ್ನ ಕೈಯೇ ಸುಡುತ್ತಿತ್ತು. ಸುಡುತ್ತಿದೆ ಎಂದು ತಿಳಿಯಲು ನನಗೆ ಅವಳ ಅರಚಾಟ ಬೇಕಾಯಿತು. ಕೆಳಗಿನ ನಲ್ಲಿಗೆ ಬರುವುದೂ ಅದೇ ಟ್ಯಾಂಕಿನ ನೀರು. ಫ್ರಿಜ್ಜಿನಲ್ಲಿದ್ದ ಎರಡು ಬಾಟಲಿಗಳನ್ನು ಓಡಿ ತಂದು ತಲೆಗೆ ಹೊಯ್ದೆ. ಅಷ್ಟು ದೊಡ್ಡ ಬಿಸಿಗೆ ಅದು ಏನೇನೂ ಅಲ್ಲ.

ಆಗ ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಮಗಳ ಕೂಗು ಕೇಳಿ ಮೀನಮ್ಮ ಥರ್ಮೋಕೋಲ್ ಡಬ್ಬಿಯನ್ನೇ ಸೊಂಟಕ್ಕಿಟ್ಟುಕೊಂಡು ಹತ್ತಿ ಬಂದಿದ್ದರು. ಏದುಸಿರು ಬಿಡುತ್ತ ಕೊನೆಯ ಮೆಟ್ಟಿಲಿನಲ್ಲಿ ನಿಂತರು. ಬಂದರಿನಲ್ಲಿ ಲೋಡು ಹೊರುವ ಗಂಡಸರು ಬಿಸಿಲಿಗೆ ಬೀಳುವುದನ್ನು ಎಷ್ಟೋ ಸಲ ನೋಡಿದವರು. ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಆದರೂ ನಿಂತರು. ನಿಂತು ಕೇಳಿದರು.

"ಮೀನ್ ಐಸ್ ಸಾರ್. ಕಾಲೈಲ ಮೀನ್ ಇರುಂದುದು. ಪರವಾಯಿಲ್ಲೆಯಾ?"

ಬೆಳಿಗ್ಗೆ ಮೀನಿದ್ದ ಐಸು, ಪರವಾಗಿಲ್ಲವಾ ಎಂದು. ಅವರು ಕೇಳಿದ್ದು ಮರ್ಯಾದೆಗೆ. ಇಪ್ಪತ್ತು ವರ್ಷಗಳಿಂದ ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಡಬ್ಬಿಯ ಮೇಲೆ ಸೆರಗು ಮುಚ್ಚಿಕೊಂಡು ಹೋದವರು. ನಮ್ಮ ರಂಗೋಲಿಯ ಮೇಲೆ ಎಂದೂ ಒಂದು ಹನಿ ಬೀಳಿಸಿದವರಲ್ಲ. ನಾವಾಗಿ ಯಾವತ್ತೂ ಅದನ್ನು ಕೇಳಿರಲಿಲ್ಲ. ಕೇಳದೆಯೇ ಅವರು ಪಾಲಿಸುತ್ತಿದ್ದರು, ಪಾಲಿಸುವುದನ್ನು ನಾವು ಹಾಗೇ ತೆಗೆದುಕೊಂಡಿದ್ದೆವು.

ನಾನು ಯೋಚಿಸಿದೆ.

ಈರುಳ್ಳಿ ಹೆಚ್ಚುವ ಚಾಕುವನ್ನೇ ಬೇರೆ ಇಡುವವಳು ನಮ್ಮಕ್ಕ. ಬಸ್ಸಿನಲ್ಲಿ ಮೀನಿನ ಬುಟ್ಟಿ ತಗಲಿದರೆ ಮನೆಗೆ ಬಂದು ತಲೆಗೆ ಸ್ನಾನ. ಡಬ್ಬಿಯೊಳಗೆ ಐಸಿನ ಚೂರುಗಳ ನಡುವೆ ಬೆಳ್ಳಿಯಂಥ ಹುರುಪೆಗಳು ಹೊಳೆಯುತ್ತಿದ್ದವು, ಅಲ್ಲಲ್ಲಿ ನಸುಗೆಂಪು ನೀರು. ಇದನ್ನು ಅವಳ ಕುತ್ತಿಗೆಗೆ ಇಡುವುದೆ? ಎದ್ದ ಮೇಲೆ ಏನಂತಾಳೆ? ಕಚೇರಿಯಲ್ಲಿ ಒಂದು ಸಹಿ ಕಡಿಮೆ ಇದ್ದರೆ ಫೈಲನ್ನು ಹಿಡಿದುಕೊಂಡು ನಿಲ್ಲುತ್ತೇನಲ್ಲ, ಹಾಗೆಯೇ ನಿಂತೆ. ಅಷ್ಟು ಸಾಲದೆಂದು, ಬಗ್ಗಿ, ಕಣ್ಣು ಮೇಲೆ ಸಿಕ್ಕಿಸಿಕೊಂಡು ಬಿದ್ದಿದ್ದವಳನ್ನೇ ಕೇಳಿದೆ:

"ಅಕ್ಕಾ, ಮೀನಿನ ಐಸಂತೆ. ಹಾಕ್ಲಾ?"

ಅವಳ ಬಾಯಿಂದ ಫೈಲಿನ ನಂಬರಿನಂಥದೇನೋ ಬಂತು.

"ಅವಂಗಳೈ ಎನ್ನಾ ಸಾರ್ ಕೇಕ್ಕಿರೀಂಗ! ನವ್ರು ಸಾರ್, ನವ್ರು!" ಎಂದು ಮೀನಮ್ಮ ಭುಜದಿಂದ ನನ್ನನ್ನು ಪಕ್ಕಕ್ಕೆ ತಳ್ಳಿದರು. ಅವರನ್ನೇನು ಕೇಳುತ್ತೀರಿ, ಸರಿಯಿರಿ ಎಂದು. ಮಂಡಿಯೂರಿ ಕೂತು, ಎರಡೂ ಕಂಕುಳಿಗೆ, ಕುತ್ತಿಗೆಗೆ, ತೊಡೆಸಂದಿಗೆ ಬೊಗಸೆ ಬೊಗಸೆ ಐಸು ತುಂಬಿದರು. ಉಳಿದ ನೀರನ್ನು ಸೀರೆಯ ಮೇಲೆ ಸುರಿದರು. ಮಗಳಿಗೆ ಮೊರ ಕೊಟ್ಟು ಬೀಸು ಎಂದರು. ನನಗೆ ಯಾವ ಕೆಲಸವನ್ನೂ ಕೊಡಲಿಲ್ಲ.

ಆಂಬುಲೆನ್ಸಿನವರು ಬರುವ ಹೊತ್ತಿಗೆ ಅಕ್ಕನ ಮೈಯ ಕೆಂಪು ಸ್ವಲ್ಪ ಇಳಿದಿತ್ತು. ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಒಬ್ಬ ಎಳೆ ಡಾಕ್ಟರು ಹೊರಗೆ ಬಂದು ವಿವರಿಸಿದರು. ಮೈ ತಾನೇ ಶಾಖ ಹುಟ್ಟಿಸುತ್ತಿರುತ್ತದಂತೆ. ಬೆವರು ನಿಂತರೆ ಅದು ಹೊರಗೆ ಹೋಗಲು ಬಾಗಿಲಿಲ್ಲ. ಒಳಗೇ ಉಳಿದು ಅಂಗಾಂಗಗಳನ್ನು ಬೇಯಿಸತೊಡಗುತ್ತದೆ. ಹಿಂದಿನ ಸಂಜೆ ಕಾಫಿ ಕುಡಿಯುತ್ತ ಮೈಯ ಶಾಖದ ಈ ಮಾತಿಗೇ ನಾವು ನಕ್ಕಿದ್ದೆವು. ಸೂರ್ಯನ ಒಳಗೆ ಸಿಕ್ಕಿಕೊಂಡ ಶಾಖಕ್ಕೆ ಕಾಯಲು ಸಾವಿರಾರು ವರ್ಷವಿದೆ. ಅಕ್ಕನಿಗೆ ಎಷ್ಟಿತ್ತು?

"ಐಸು ಹಾಕಿದ್ದು ಒಳ್ಳೇದಾಯ್ತು ಸಾರ್. ಇಂಥದ್ರಲ್ಲಿ ಒಂದೊಂದು ನಿಮಿಷವೂ..." ಎಂದು ಅವರು ಮಾತನ್ನು ಅಲ್ಲಿಗೇ ಬಿಟ್ಟರು. ಬೇರೆ ಯಾರೋ ಕರೆದರು, ಹೋದರು.

ಮೂರನೆಯ ದಿನ ಅಕ್ಕ ನನ್ನನ್ನು ಗುರುತು ಹಿಡಿದಳು. ಆರನೆಯ ದಿನ ಎದ್ದು ನಿಲ್ಲಿಸಿದರು. ಆಗಲೇ ಗೊತ್ತಾದದ್ದು. ಅವಳು ದೋಣಿಯಲ್ಲಿ ನಿಂತವಳಂತೆ ತೂಗಿದಳು. ಬಲಗೈ ಲೋಟವನ್ನು ಹುಡುಕಿಕೊಂಡು ಹೋಗಿ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ಮಾತು ಒಂದೊಂದೇ ಅಕ್ಷರವಾಗಿ, ಎಳೆದು ಎಳೆದು ಬಂತು. ತಲೆಯ ಹಿಂಭಾಗದಲ್ಲಿ, ನಡಿಗೆಯನ್ನು ಹಿಡಿತದಲ್ಲಿಡುವ ಸಣ್ಣ ಮಿದುಳೊಂದಿದೆ, ಅದಕ್ಕೆ ಶಾಖ ತಡೆಯುವ ಶಕ್ತಿ ಕಡಿಮೆ ಎಂದರು ದೊಡ್ಡ ಡಾಕ್ಟರು. ವಾಪಸು ಬರುತ್ತದೆಯೇ ಎಂದು ಕೇಳಿದೆ. ಕೆಲವರಿಗೆ ಬರುತ್ತದೆ, ಕೆಲವರಿಗೆ ಅರ್ಧ ಬರುತ್ತದೆ, ನೋಡೋಣ ಎಂದರು. ನಾನೂ ಕ್ಲೇಮಿನವರಿಗೆ ಹೀಗೆಯೇ, ಇದೇ ದನಿಯಲ್ಲಿ, ನೋಡೋಣ ಎನ್ನುತ್ತೇನೆ.

ನಾನು ಅವತ್ತು ಆ ಐಸಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಎಂದು ಒಮ್ಮೆ ಮಗಳನ್ನು ಕೇಳಿದೆ. ಅವಳು ಎದ್ದು ಒಳಗೆ ಹೋದಳು.

ಜೂನ್ ಬಂದರೂ ಬಿಸಿಲು ಇಳಿದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಕ್ಕನಿಗೆ ಇಡ್ಲಿ ತಿನ್ನಿಸುತ್ತಿದ್ದೆ. ಅವಳು ಅಗಿಯುವುದನ್ನು ನಿಲ್ಲಿಸಿ ಹೇಳಿದಳು.

"ಅವತ್ತು... ಮೀನು ವಾಸನೆ... ಬಂತು ಕಣೋ. ಸತ್ತು... ಯಾರ ಮನೇಲಿ ಹುಟ್ಟಿದೆ... ಅಂದ್ಕೊಂಡೆ."

ಇಬ್ಬರಿಗೂ ನಗು ಬಂತು. ಅವಳ ನಗು ಬಾಯಿಯ ಒಂದು ಕಡೆಗೆ ಜಾರಿತು. ಎದುರು ಮನೆಯವರ ಐಸು ಎಂದು ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳಿಗೆ ನೆನಪಿಲ್ಲ, ಮಗಳು ಹೇಳುವುದಿಲ್ಲ, ಮೀನಮ್ಮ ಆ ಮಾತನ್ನೇ ಎತ್ತಿಲ್ಲ. ಆದರೆ ನಾನು ತಟ್ಟೆಯನ್ನು ಕೆಳಗಿಟ್ಟೆ.

"ಅವರು ಹಾಕ್ಬಹುದಾ ಅಂತ ಕೇಳಿದ್ರು ಅಕ್ಕಾ. ನಾನು ಹೂಂ ಅನ್ನಲಿಲ್ಲ. ನೀನು ಬೈತೀಯ ಅಂತ ನಿಂತ್ಬಿಟ್ಟೆ. ನಿನ್ನನ್ನೇ ಕೇಳ್ದೆ."

"ಎಷ್ಟೊತ್ತು?"

"ಒಂದು ನಿಮಿಷ ಇರ್ಬಹುದು. ಎರಡೂ ಇರ್ಬಹುದು. ಗೊತ್ತಿಲ್ಲ."

ಅವಳು ತೊಡೆಯ ಮೇಲೆ ಸಣ್ಣಗೆ ನಡುಗುತ್ತಿದ್ದ ತನ್ನ ಬಲಗೈಯನ್ನು ನೋಡಿದಳು. ಬೇರೆ ಯಾರದೋ ಕೈ ಅಲ್ಲಿ ಬಂದು ಕೂತಂತೆ ನೋಡಿದಳು. ಹೊರಗೆ ತರಕಾರಿ ಗಾಡಿಯವನ ಕೂಗು ಬೀದಿಯ ಉದ್ದಕ್ಕೂ ಹಾದು ಹೋಯಿತು.

"ನನಗೆ ಕೇಳ್ಸಿದ್ದಿದ್ರೆ..." ಎಂದಳು. ಮುಂದಿನ ಮಾತಿಗೆ ಅವಳಿಗೆ ಬಹಳ ಹೊತ್ತು ಬೇಕಾಯಿತು, ನಾನು ಅವಸರ ಮಾಡಲಿಲ್ಲ. "...ಬೇಡ... ಅಂತಿದ್ದೆ ಕಣೋ."

ಅವಳು ಎಡಗೈ ಚಾಚಿ ನನ್ನ ಭುಜ ಹಿಡಿದಳು. ಬಚ್ಚಲಿಗೆ ಹೋಗಬೇಕಿತ್ತು ಅವಳಿಗೆ. ಎಬ್ಬಿಸಿ ನಿಲ್ಲಿಸಿದೆ. ಮೊದಲ ಹೆಜ್ಜೆ ನೇರವಾಗಿ ಬಿತ್ತು, ಎರಡನೆಯದೂ ಬಿತ್ತು. ಮೂರನೆಯದಕ್ಕೆ ಪಾದ ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತುಕೊಂಡಿತು, ಅವಳ ಇಡೀ ಭಾರ ನನ್ನ ಮೇಲೆ ಬಂತು. ನಾವಿಬ್ಬರೂ ಅಲ್ಲಿಯೇ ನಿಂತು, ಆ ಪಾದ ಕೆಳಗೆ ಬರುವುದನ್ನು ಕಾದೆವು.